ಅನುಸರಣೆ, ವಿಧೇಯತೆ ಮತ್ತು ಸ್ವಂತಿಕೆ

ಗುಂಪಿನ ನಡೆನುಡಿಗೆ ತನ್ನ ನಡೆನುಡಿಯನ್ನು ಹೊಂದಿಸಿಕೊಳ್ಳುವುದು ಅನುಸರಣೆ. ಅಧಿಕಾರಸ್ಥಾನದಲ್ಲಿರುವವರ ಅಪ್ಪಣೆಯಂತೆ ನಡೆಯುವುದು ವಿಧೇಯತೆ. ಈ ಎರಡರ ಒತ್ತಡದ ನಡುವೆಯೂ ಕಂಡದ್ದನ್ನು ಕಂಡಂತೆ ಹೇಳುವ, ತನಗೆ ಸರಿಯೆನಿಸಿದಂತೆ ನಡೆಯುವ ಶಕ್ತಿ ಸ್ವಂತಿಕೆ. ಸಾಮಾಜಿಕ ಮನೋವಿಜ್ಞಾನ ಮೂರನ್ನೂ ಒಟ್ಟಿಗೆ ಅಭ್ಯಸಿಸುತ್ತದೆ. ಅನುಸರಣೆಯ ಒತ್ತಡ ಸರೀಕರಿಂದ ಬರುವಂಥದು. ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ, ‘ನಾಲ್ಕು ಜನ ಏನಂದಾರು’ ಎಂಬ ಅಳುಕೇ ಸಾಕು. ವಿಧೇಯತೆಯ ಒತ್ತಡ ಮೇಲಿನಿಂದ ಇಳಿಯುತ್ತದೆ, ಅಲ್ಲಿ ಹೇಳಿದವರು ಯಾರೆಂಬುದು ಎಲ್ಲರಿಗೂ ಗೊತ್ತಿರುತ್ತದೆ. ಎರಡೂ ತಮ್ಮಷ್ಟಕ್ಕೆ ಕೆಟ್ಟವಲ್ಲ. ರಸ್ತೆಯ ಎಡಬದಿಯಲ್ಲಿ ಗಾಡಿ ಓಡಿಸುವುದು, ಪಡಿತರ ಅಂಗಡಿಯ ಮುಂದೆ ಸಾಲಿನಲ್ಲಿ ನಿಲ್ಲುವುದು, ವೈದ್ಯರು ಹೇಳಿದಷ್ಟು ದಿನ ಮಾತ್ರೆ ನುಂಗುವುದು ಇವೆಲ್ಲ ಅನುಸರಣೆ ಮತ್ತು ವಿಧೇಯತೆಗಳೇ. ತೊಡಕು ಹುಟ್ಟುವುದು ಕಣ್ಣು ಕಂಡದ್ದು ಒಂದು, ಬಾಯಿ ಆಡಿದ್ದು ಇನ್ನೊಂದು ಆದಾಗ.

ಈ ತೊಡಕನ್ನು ಕರ್ನಾಟಕದಲ್ಲಿ ಒಂದು ವಿಶ್ವವಿದ್ಯಾನಿಲಯವೇ ನೇರವಾಗಿ ಕೈಗೆತ್ತಿಕೊಂಡ ಪ್ರಸಂಗ ಬೆಂಗಳೂರಿನ ಪಶ್ಚಿಮ ಅಂಚಿನ ಜ್ಞಾನಭಾರತಿಯದು. ವಿಷಯದ ಎಲ್ಲ ಮುಖಗಳೂ ಅದರಲ್ಲಿ ಸೇರಿಕೊಂಡಿರುವುದರಿಂದ ಅಲ್ಲಿಂದಲೇ ಆರಂಭಿಸುವುದು ಯುಕ್ತ.

ಜ್ಞಾನಭಾರತಿಯ ಪ್ರಸಂಗ

ಸೆಂಟ್ರಲ್ ಕಾಲೇಜು ಮತ್ತು ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜುಗಳನ್ನು ಆಧಾರವಾಗಿಟ್ಟುಕೊಂಡು 1964ರಲ್ಲಿ ಸ್ಥಾಪನೆಯಾದ ಬೆಂಗಳೂರು ವಿಶ್ವವಿದ್ಯಾನಿಲಯ 1970ರ ದಶಕದ ಮೊದಲ ವರ್ಷಗಳಲ್ಲಿ ಮೈಸೂರು ರಸ್ತೆಗೂ ನಾಗರಬಾವಿಗೂ ನಡುವಿನ ವಿಶಾಲವಾದ ಬಯಲಿಗೆ ಬಂದು ನೆಲೆಸಿತು. ಆ ಆವರಣವೇ ಜ್ಞಾನಭಾರತಿ. ಸ್ಥಳಾಂತರದ ಕಾಲದಲ್ಲಿ ಕುಲಪತಿಯಾಗಿದ್ದವರು ಎಚ್. ನರಸಿಂಹಯ್ಯ (1920–2005). ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಕುಟುಂಬದಿಂದ ಬಂದು, ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿನಲ್ಲಿ ಓದಿ, ಅಮೆರಿಕದ ಓಹಿಯೊ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವರು. 1936ರಲ್ಲಿ ಗಾಂಧೀಜಿ ಆ ಶಾಲೆಗೆ ಬಂದಾಗ ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ಅನುವಾದಿಸಿದ ಹುಡುಗ ಇವರೇ. 1942ರ ಚಲೇಜಾವ್ ಚಳವಳಿಯಲ್ಲಿ ಓದು ಬಿಟ್ಟು ಸೆರೆಮನೆಗೆ ಹೋದರು. ಖಾದಿ ಉಟ್ಟು, ಗಾಂಧಿ ಟೋಪಿ ತೊಟ್ಟು, ಮದುವೆಯಾಗದೆ, ಹಾಸ್ಟೆಲಿನ ಕೋಣೆಯಲ್ಲೇ ಬಾಳಿದರು. ಅಪ್ಪಣೆಯನ್ನು ಮುರಿದು ಜೈಲು ಕಂಡ ಮನುಷ್ಯ ಅಪ್ಪಣೆ ಕೊಡುವ ಕುರ್ಚಿಯಲ್ಲಿ 1972ರಿಂದ 1977ರವರೆಗೆ ಕುಳಿತದ್ದು ಈ ಪ್ರಸಂಗದ ಹಿನ್ನೆಲೆ.

1974ರಲ್ಲಿ ವಿಶ್ವವಿದ್ಯಾನಿಲಯದ ಘಟಿಕೋತ್ಸವ ಭಾಷಣಕ್ಕೆ ಕುವೆಂಪು ಬಂದರು. ‘ವಿಚಾರಕ್ರಾಂತಿಗೆ ಆಹ್ವಾನ’ ಎಂಬ ಹೆಸರಿನಿಂದ ಪ್ರಸಿದ್ಧವಾದ ಆ ಭಾಷಣ ಪದವಿ ಪಡೆಯಲು ಕುಳಿತಿದ್ದ ತರುಣರಿಗೆ ಮತಾಚಾರ, ಪುರೋಹಿತಶಾಹಿ ಮತ್ತು ಮೌಢ್ಯಗಳ ಹಿಡಿತದಿಂದ ಬುದ್ಧಿಯನ್ನು ಬಿಡಿಸಿಕೊಳ್ಳಿ ಎಂದು ಕರೆಕೊಟ್ಟಿತು. ಎರಡು ವರ್ಷದ ಅನಂತರ, 1976ರಲ್ಲಿ, ನರಸಿಂಹಯ್ಯನವರು ಪವಾಡಗಳನ್ನೂ ಪರೀಕ್ಷೆಗೆ ಒಳಪಡಿಸಬಹುದಾದ ಮೂಢನಂಬಿಕೆಗಳನ್ನೂ ತನಿಖೆ ಮಾಡುವ ಸಮಿತಿಯೊಂದನ್ನು ವಿಶ್ವವಿದ್ಯಾನಿಲಯದ ಹೆಸರಿನಲ್ಲೇ ರಚಿಸಿ ತಾವೇ ಅಧ್ಯಕ್ಷರಾದರು. ಭಾರತದ ವಿಶ್ವವಿದ್ಯಾನಿಲಯಗಳ ಮಟ್ಟಿಗೆ ಇದು ಅಪೂರ್ವ ಹೆಜ್ಜೆ.

ಸಮಿತಿಯ ಪರವಾಗಿ ಅವರು ಸತ್ಯಸಾಯಿ ಬಾಬಾ ಅವರಿಗೆ ಪತ್ರ ಬರೆದು, ಬರಿಗೈಯಿಂದ ವಸ್ತುಗಳನ್ನು ಸೃಷ್ಟಿಸುವುದನ್ನು ನಿಯಂತ್ರಿತ ಪರಿಸ್ಥಿತಿಯಲ್ಲಿ ತೋರಿಸಬೇಕೆಂದು ಕೋರಿದರು. ಉತ್ತರ ಬರಲಿಲ್ಲ, ಮತ್ತೆ ಬರೆದರು, ಆಗಲೂ ಬರಲಿಲ್ಲ. ಉಂಗುರ, ವಿಭೂತಿಗಳ ಬದಲು ಅಂಗಿಯ ತೋಳಿನಲ್ಲಿ ಬಚ್ಚಿಡಲಾಗದ ಕುಂಬಳಕಾಯಿಯೊಂದನ್ನು ಸೃಷ್ಟಿಸಲಿ ಎಂಬ ಅವರ ಬೇಡಿಕೆ ಮನೆಮಾತಾಯಿತು. ವಿಭೂತಿ ಉದುರಿಸುವನೆಂದು ಪ್ರಖ್ಯಾತನಾಗಿದ್ದ ಪಾಂಡವಪುರದ ಒಬ್ಬ ಬಾಲಕನನ್ನು ಸಮಿತಿ ಹೋಗಿ ನೋಡಿತು. ವಿಭೂತಿಯ ಮೂಲ ಬಟ್ಟೆಯೊಳಗೆ ಇತ್ತು.

ಅನುಸರಣೆಯ ಅಭ್ಯಾಸಿಗೆ ಇಲ್ಲಿ ಮುಖ್ಯವಾದದ್ದು ವಿಭೂತಿ ಎಲ್ಲಿಂದ ಬಂತು ಎಂಬುದಕ್ಕಿಂತ, ಅಷ್ಟು ಜನ ಅಷ್ಟು ದಿನ ಆ ಬಟ್ಟೆಯನ್ನು ತಡಕಿ ನೋಡಲು ಏಕೆ ಹಿಂಜರಿದರು ಎಂಬುದು. ಅನುಮಾನ ಕೆಲವರಿಗಾದರೂ ಬಂದಿರಲೇಬೇಕು. ಆದರೆ ಸುತ್ತ ಕೈಮುಗಿದು ನಿಂತವರ ನಡುವೆ ಕೈ ಮುಂದೆ ಚಾಚುವುದು ಸುಲಭವಲ್ಲ. ಗುಂಪಿನಲ್ಲಿ ಗೋವಿಂದ ಎನ್ನುವುದು ಕ್ಷೇಮ. ಬೇರೆಲ್ಲರೂ ನಿಜವಾಗಿ ನಂಬಿದ್ದಾರೆ, ಶಂಕೆ ನನಗೊಬ್ಬನಿಗೇ ಎಂದು ಪ್ರತಿಯೊಬ್ಬನೂ ಭಾವಿಸಿ ಸುಮ್ಮನಿರುವ ಈ ಸ್ಥಿತಿಯನ್ನು ಮನೋವಿಜ್ಞಾನ ಅನುಸರಣೆಯನ್ನು ಗಟ್ಟಿಗೊಳಿಸುವ ಒಂದು ಕಾರಣವೆಂದು ಎಣಿಸುತ್ತದೆ. ಒಳಗೆ ಯಾರೂ ಪೂರ್ತಿ ನಂಬದೆ ಇರುವ ಆಚರಣೆ ಕೂಡ ಹೀಗೆ ತಲೆಮಾರುಗಳ ಕಾಲ ನಡೆದುಕೊಂಡು ಹೋಗಬಲ್ಲದು. 1980ರ ಫೆಬ್ರವರಿ 16ರ ಖಗ್ರಾಸ ಸೂರ್ಯಗ್ರಹಣದ ನೆರಳು ಕಾರವಾರದ ಕರಾವಳಿಯಿಂದ ರಾಯಚೂರಿನವರೆಗೆ ಕರ್ನಾಟಕವನ್ನು ದಾಟಿಹೋದಾಗ ಊರೂರುಗಳ ಬೀದಿಗಳು ಬಿಕೋ ಎಂದವು. ಭಯಕ್ಕೆ ಬಾಗಿಲು ಹಾಕಿಕೊಂಡವರಷ್ಟೇ ಜನ ಎದುರುಮನೆಯ ಬಾಗಿಲು ಹಾಕಿರುವುದನ್ನು ಕಂಡು ತಮ್ಮದನ್ನೂ ಹಾಕಿಕೊಂಡಿರಬೇಕು.

ಸಮಿತಿಯ ವಿರುದ್ಧ ಎದ್ದ ಆಕ್ಷೇಪಗಳನ್ನೂ ದಾಖಲಿಸಬೇಕು. ನಂಬಿಕೆ ಖಾಸಗಿ ವಿಷಯ, ಅದನ್ನು ಕೆದಕುವುದು ವಿಶ್ವವಿದ್ಯಾನಿಲಯದ ಕೆಲಸವಲ್ಲ ಎಂಬುದು ಒಂದು. ಕುಲಪತಿಯ ಕುರ್ಚಿಯ ಬಲವನ್ನು ಒಂದು ವಾದದ ಪರವಾಗಿ ಬಳಸಬಾರದು ಎಂಬುದು ಇನ್ನೊಂದು. ಮೊದಲನೆಯದಕ್ಕೆ ತೂಕ ಕಡಮೆ. ಬಹಿರಂಗವಾಗಿ ಪ್ರದರ್ಶನಗೊಳ್ಳುವ ಪವಾಡ ಬಹಿರಂಗ ಪರೀಕ್ಷೆಗೂ ಅರ್ಹ. ಎರಡನೆಯದು ಗಟ್ಟಿಯಾದ ಆಕ್ಷೇಪ. ಪ್ರಶ್ನಿಸಿರಿ ಎಂದು ಮೇಲಿನವರು ಹೇಳಿದರೆಂದೇ ಪ್ರಶ್ನಿಸುವವನು ವಿಧೇಯನೇ ಹೊರತು ಸ್ವತಂತ್ರನಲ್ಲ. ನರಸಿಂಹಯ್ಯನವರಿಗೆ ಇದರ ಅರಿವಿತ್ತು ಎಂಬುದಕ್ಕೆ ಅವರು ಕುಲಪತಿಯಾಗುವ ಎಷ್ಟೋ ಮೊದಲೇ ಕಟ್ಟಿದ್ದ ಬೇರೊಂದು ಸಂಸ್ಥೆ ಸಾಕ್ಷಿ. ಅದರ ಪ್ರಸ್ತಾಪ ಮುಂದೆ ಬರುತ್ತದೆ.

ಕಾಲದ ಸಂದರ್ಭವೂ ಗಮನಾರ್ಹ. ಸಮಿತಿ ಹುಟ್ಟಿದ್ದು ತುರ್ತುಪರಿಸ್ಥಿತಿಯ ನಡುವೆ. ವೈಜ್ಞಾನಿಕ ಮನೋಭಾವವನ್ನು ಬೆಳೆಸಿಕೊಳ್ಳುವುದು ನಾಗರಿಕನ ಮೂಲಭೂತ ಕರ್ತವ್ಯ ಎಂಬ 51ಎ(ಎಚ್) ವಿಧಿ ಸಂವಿಧಾನಕ್ಕೆ ಸೇರಿದ್ದು ಅದೇ 1976ರ 42ನೆಯ ತಿದ್ದುಪಡಿಯಿಂದ. ಪ್ರಶ್ನಿಸುವುದು ಕರ್ತವ್ಯವೆಂದು ಸಂಸತ್ತು ಬರೆದ ದಿನಗಳಲ್ಲೇ ಪ್ರಶ್ನಿಸಿದವರು ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿದ್ದರು. ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಅಲ್ಲಿ ಬಂಧಿಗಳಾಗಿದ್ದರು. ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿ ಅಲ್ಲೇ ಕಾಯಿಲೆ ಉಲ್ಬಣಿಸಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಆ ವರ್ಷವೇ ನರಸಿಂಹಯ್ಯನವರ ಅವಧಿ ಮುಗಿಯಿತು, ಸಮಿತಿಯೂ ಕೊನೆಗೊಂಡಿತು.

ಪ್ರಯೋಗಗಳು ತೋರಿಸಿದ್ದು

ಪೋಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಸಾಲೊಮನ್ ಆಶ್ 1950ರ ದಶಕದಲ್ಲಿ ನಡೆಸಿದ ಪ್ರಯೋಗ ಸರಳವಾದದ್ದು. ಒಂದು ಕಾರ್ಡಿನ ಮೇಲಿನ ಗೆರೆಗೆ ಇನ್ನೊಂದು ಕಾರ್ಡಿನ ಮೂರು ಗೆರೆಗಳಲ್ಲಿ ಯಾವುದು ಸಮ ಎಂದು ಹೇಳಬೇಕು. ಮಗುವೂ ಹೇಳಬಹುದಾದ ಉತ್ತರ. ಆದರೆ ಕೋಣೆಯಲ್ಲಿದ್ದವರಲ್ಲಿ ಒಬ್ಬನ ಹೊರತು ಮಿಕ್ಕೆಲ್ಲರೂ ಪ್ರಯೋಗಕಾರನ ಕಡೆಯವರು. ಮೊದಲೇ ಮಾತಾಡಿಕೊಂಡು ಒಂದೇ ತಪ್ಪು ಉತ್ತರವನ್ನು ಹೇಳುತ್ತಿದ್ದರು. ಪರೀಕ್ಷೆಗೆ ಒಳಗಾದ 123 ಜನರಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ಮಂದಿ ಒಮ್ಮೆಯಾದರೂ ಗುಂಪಿನ ತಪ್ಪಿಗೆ ದನಿಗೂಡಿಸಿದರು. ಗುಂಪು ತಪ್ಪು ಹೇಳಿದ ಸರದಿಗಳಲ್ಲಿ ಅವರ ಉತ್ತರಗಳ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತಪ್ಪಾಗಿದ್ದವು.

ಕೆಲವು ಪಠ್ಯಪುಸ್ತಕಗಳು ಇಷ್ಟಕ್ಕೇ ನಿಲ್ಲುತ್ತವೆ. ಈ ಲೇಖಕನ ದೃಷ್ಟಿಯಲ್ಲಿ ಆಶ್‌ನ ದೊಡ್ಡ ಶೋಧ ಅದಲ್ಲ. ಗುಂಪಿನಲ್ಲಿ ಸರಿಯುತ್ತರ ಹೇಳುವ ಇನ್ನೊಬ್ಬನನ್ನು, ಒಬ್ಬನೇ ಒಬ್ಬನನ್ನು, ಕೂರಿಸಿದಾಗ ತಪ್ಪಿಗೆ ಬಾಗುವುದು ಶೇಕಡ 5ರ ಆಸುಪಾಸಿಗೆ ಇಳಿಯಿತು. ಉತ್ತರವನ್ನು ಗಟ್ಟಿಯಾಗಿ ಹೇಳುವ ಬದಲು ಚೀಟಿಯಲ್ಲಿ ಬರೆದುಕೊಡಿ ಎಂದಾಗಲೂ ಬಾಗುವವರು ಬಹಳ ಕಡಮೆಯಾದರು. ಅಂದರೆ ಸ್ವಂತಿಕೆ ಎಂಬುದು ಒಬ್ಬೊಬ್ಬರ ಎದೆಗಾರಿಕೆಯಲ್ಲಿ ಮಾತ್ರ ಇಲ್ಲ. ಪಕ್ಕದಲ್ಲಿ ಯಾರಿದ್ದಾರೆ, ಉತ್ತರ ಕೊಡುವ ಏರ್ಪಾಡು ಎಂಥದು ಎಂಬುದರಲ್ಲೂ ಇದೆ.

ಸ್ಟ್ಯಾನ್ಲಿ ಮಿಲ್‌ಗ್ರಾಂ ಯೇಲ್ ವಿಶ್ವವಿದ್ಯಾನಿಲಯದಲ್ಲಿ ವಿಧೇಯತೆಯ ಪ್ರಯೋಗಗಳನ್ನು ಆರಂಭಿಸಿದ್ದು 1961ರಲ್ಲಿ. ಲಕ್ಷಾಂತರ ಯೆಹೂದಿಗಳನ್ನು ಸಾವಿಗೆ ಸಾಗಿಸಿದ ಐಕ್‌ಮನ್‌ನ ವಿಚಾರಣೆ ಜೆರೂಸಲೇಮಿನಲ್ಲಿ ನಡೆಯುತ್ತಿದ್ದ ವರ್ಷ ಅದು. ನೆನಪಿನ ಶಕ್ತಿಯ ಅಧ್ಯಯನವೆಂದು ನಂಬಿಸಿ, ಪಕ್ಕದ ಕೋಣೆಯಲ್ಲಿರುವವನು ತಪ್ಪು ಹೇಳಿದಾಗಲೆಲ್ಲ 15 ವೋಲ್ಟಿನಂತೆ ಏರಿಸುತ್ತ ವಿದ್ಯುತ್ ಆಘಾತ ಕೊಡಬೇಕೆಂದು ಸ್ವಯಂಸೇವಕರಿಗೆ ಹೇಳಲಾಯಿತು. ಆಘಾತ ನಿಜವಾದದ್ದಲ್ಲ, ಪಕ್ಕದ ಕೋಣೆಯವನು ನಟ. 1963ರಲ್ಲಿ ಪ್ರಕಟವಾದ ಮೊದಲ ವರದಿಯಂತೆ 40 ಜನರಲ್ಲಿ 26 ಮಂದಿ 450 ವೋಲ್ಟಿನ ಕೊನೆಯ ಗುಂಡಿಯವರೆಗೂ ಹೋದರು. ಅವರಲ್ಲಿ ಹಲವರು ಬೆವೆತರು, ನಡುಗಿದರು, ಬೇಡವೆಂದು ಗೋಗರೆದರು, ಆದರೂ ಒತ್ತಿದರು.

ಇಲ್ಲೂ ಉಪಪ್ರಯೋಗಗಳೇ ಹೆಚ್ಚು ಕಲಿಸುತ್ತವೆ. ಜೊತೆಗೆ ಕುಳಿತ ಇಬ್ಬರು ಎದ್ದು ನಿರಾಕರಿಸಿದಾಗ 40ರಲ್ಲಿ 4 ಜನ ಮಾತ್ರ ಕೊನೆ ಮುಟ್ಟಿದರು. ಅಪ್ಪಣೆ ಕೊಡುವ ಇಬ್ಬರು ಅಧಿಕಾರಿಗಳೇ ತಮ್ಮಲ್ಲಿ ಭಿನ್ನಮತ ತೋರಿದಾಗ ಒಬ್ಬನೂ ಮುಂದುವರಿಯಲಿಲ್ಲ. ಆದರೆ ಗುಂಡಿ ಒತ್ತುವ ಕೆಲಸ ಬೇರೆಯವನದಾಗಿ, ತನ್ನದು ಪ್ರಶ್ನೆ ಓದುವಷ್ಟೇ ಕೆಲಸವಾದಾಗ 40ರಲ್ಲಿ 37 ಮಂದಿ ಕೊನೆಯವರೆಗೂ ಸಹಕರಿಸಿದರು. ನನ್ನದೇನಿದೆ, ಕಡತ ಮುಂದಕ್ಕೆ ಕಳಿಸಿದೆ ಅಷ್ಟೆ ಎನ್ನುವ ಕಚೇರಿಯ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ಅಂಕಿಅಂಶ ಬೇರೆಲ್ಲೂ ಸಿಗದು.

ಸ್ಟ್ಯಾನ್‌ಫರ್ಡಿನಲ್ಲಿ 1971ರಲ್ಲಿ ಫಿಲಿಪ್ ಜಿಂಬಾರ್ಡೊ ನಡೆಸಿ ಆರೇ ದಿನಕ್ಕೆ ನಿಲ್ಲಿಸಿದ ಅಣಕು ಸೆರೆಮನೆಯ ಪ್ರಯೋಗ ಇವಕ್ಕಿಂತ ಹೆಚ್ಚು ಹೆಸರಾದರೂ ಕಾವಲುಗಾರರಿಗೆ ಮೊದಲೇ ಕೊಟ್ಟ ಸೂಚನೆಗಳಿಂದಾಗಿ ಅದರ ಪ್ರಾಮಾಣ್ಯ ಈಗ ಕುಂದಿದೆ. ಮಿಲ್‌ಗ್ರಾಂನ ಪ್ರಯೋಗಗಳೂ ಟೀಕೆಗೆ ಹೊರತಲ್ಲ. ಮೋಸಮಾಡಿ ಜನರನ್ನು ಸಂಕಟಕ್ಕೆ ಒಡ್ಡಿದ ಅವು ಸಂಶೋಧನಾ ನೀತಿಸಂಹಿತೆ ಬಿಗಿಯಾಗಲು ಕಾರಣವಾದವು. ಜನ ಕುರುಡಾಗಿ ಅಪ್ಪಣೆ ಪಾಲಿಸಲಿಲ್ಲ, ವಿಜ್ಞಾನದ ಉದ್ದೇಶವನ್ನು ತಮ್ಮದೆಂದುಕೊಂಡು ಪಾಲಿಸಿದರು ಎಂದು ಅಲೆಕ್ಸ್ ಹ್ಯಾಸ್ಲಂ ಮತ್ತು ಸ್ಟೀಫನ್ ರೈಕರ್ ವಾದಿಸಿದ್ದಾರೆ. ಈ ವಾದ ಒಪ್ಪತಕ್ಕದ್ದು, ಮತ್ತು ಹೆಚ್ಚು ದಿಗಿಲು ಹುಟ್ಟಿಸುವಂಥದು.

ಕರ್ನಾಟಕದಲ್ಲಿ ಮನೋವಿಜ್ಞಾನದ ವ್ಯಾಸಂಗ ಹೊಸದಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಈ ವಿಭಾಗವನ್ನು 1920ರ ದಶಕದಲ್ಲೇ ಕಟ್ಟಿದರು. ಭಾರತೀಯ ಕಚೇರಿ, ಕಾರ್ಖಾನೆಗಳಲ್ಲಿ ಅಧಿಕಾರದ ಸ್ವರೂಪವನ್ನು ಅಭ್ಯಸಿಸಿದ ಪಟ್ನಾದ ಜೆ.ಬಿ.ಪಿ. ಸಿನ್ಹಾ 1980ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮಮತೆ ತೋರುತ್ತಲೇ ಕೆಲಸಕ್ಕೆ ಬಿಗಿ ಹಿಡಿಯುವ ಹಿರಿಯನ ಮಾತನ್ನು ಇಲ್ಲಿನವರು ಹೆಚ್ಚು ಕೇಳುತ್ತಾರೆಂದು ತೋರಿಸಿದರು. ಮನೆಯ ಯಜಮಾನನನ್ನು ಕಚೇರಿಯಲ್ಲೂ ಹುಡುಕುವ ಈ ಒಲವಿನಲ್ಲಿ ನೆಮ್ಮದಿಯೂ ಉಂಟು, ಅಪಾಯವೂ ಉಂಟು. ಯಜಮಾನ ತಪ್ಪಿದಾಗ ತಿದ್ದುವುದು ಕೃತಘ್ನತೆಯೆನಿಸಿಬಿಡುತ್ತದೆ. ಆಶ್ ಮಾದರಿಯ 133 ಅಧ್ಯಯನಗಳನ್ನು 17 ದೇಶಗಳಿಂದ ಕಲೆಹಾಕಿ 1996ರಲ್ಲಿ ಪರಿಶೀಲಿಸಿದಾಗ ಸಮುದಾಯಪ್ರಧಾನ ದೇಶಗಳಲ್ಲಿ ಅನುಸರಣೆ ಹೆಚ್ಚೆಂದು ಕಂಡಿತು. ಆದರೆ ಇಷ್ಟರಿಂದ ನಮ್ಮದು ಹೂಂಗುಟ್ಟುವ ಜನವೆಂದು ತೀರ್ಮಾನಿಸುವುದು ಅವಸರದ ಮಾತು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅರಸನ ಭಂಡಾರಿ, ಮಡಿವಾಳ, ಅಂಬಿಗ, ಸೂಳೆ ಒಂದೆಡೆ ಕಲೆತು ಜಾತಿ ಮತ್ತು ವೇದಗಳ ಅಧಿಕಾರವನ್ನು ಪ್ರಶ್ನಿಸಿದ ನಾಡು ಇದು.

ಊರು ಮತ್ತು ಕುಲ

ಜ್ಞಾನಭಾರತಿಯ ಮಗ್ಗುಲಿನ ನಾಗರಬಾವಿಯಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆ ಇದೆ. ವಿ.ಕೆ.ಆರ್.ವಿ. ರಾವ್ 1972ರಲ್ಲಿ ಸ್ಥಾಪಿಸಿದ ಈ ಸಂಸ್ಥೆಯೊಂದಿಗೆ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ನಿಕಟ ಸಂಬಂಧ ಹೊಂದಿದ್ದರು. 1948ರಲ್ಲಿ ಮೈಸೂರು ಬಳಿಯ ಹಳ್ಳಿಯೊಂದರಲ್ಲಿದ್ದು, ಅದನ್ನು ರಾಂಪುರ ಎಂದು ಕರೆದು ಅವರು ಮಾಡಿದ ಅಧ್ಯಯನ ಪ್ರಬಲ ಜಾತಿಯ ಪರಿಕಲ್ಪನೆಗೆ ಆಧಾರ. ಹಳೆ ಮೈಸೂರಿನ ಕಟ್ಟೆಮನೆ ಮತ್ತು ಕುಲದ ಪಂಚಾಯಿತಿಗಳಲ್ಲಿ ಗೌಡ, ಯಜಮಾನರು ದಂಡ ಹಾಕುತ್ತಿದ್ದರು, ತಪ್ಪುಕಾಣಿಕೆ ಕಟ್ಟಿಸುತ್ತಿದ್ದರು. ಬಗ್ಗದವನನ್ನು ಕುಲದಿಂದ ಹೊರಗಿಡುತ್ತಿದ್ದರು. ಹೊರಗಿಟ್ಟವನ ಮನೆಗೆ ಬೆಂಕಿ ನೀರು ಕೊಡುವಂತಿಲ್ಲ, ಮದುವೆ ಮಸಣಕ್ಕೆ ಹೋಗುವಂತಿಲ್ಲ. ಹೋದವನಿಗೂ ಅದೇ ಶಿಕ್ಷೆ. ಬಹಿಷ್ಕಾರದ ಬಲವೆಲ್ಲ ಈ ಕೊನೆಯ ಕಟ್ಟಳೆಯಲ್ಲಿದೆ: ಅದು ಭಿನ್ನ ದನಿಯವನಿಗೆ ಎರಡನೆಯವನು ಸಿಗದಂತೆ ನೋಡಿಕೊಳ್ಳುತ್ತದೆ. ಆಶ್ ಪ್ರಯೋಗಶಾಲೆಯಲ್ಲಿ ಕಂಡದ್ದನ್ನು ಊರಿನ ಯಜಮಾನರು ಬಹಳ ಹಿಂದೆಯೇ ಅರಿತಿದ್ದರು. ಮಹಾರಾಷ್ಟ್ರ ಸಾಮಾಜಿಕ ಬಹಿಷ್ಕಾರವನ್ನು ಅಪರಾಧವೆಂದು ಸಾರುವ ಕಾಯಿದೆಯನ್ನು 2016ರಲ್ಲಿ ಮಾಡಿತು.

ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಕೆಲವು ಗೊಲ್ಲರಹಟ್ಟಿಗಳಲ್ಲಿ ಸೂತಕದ ಹೆಸರಿನಲ್ಲಿ ಬಾಣಂತಿ ಮತ್ತು ಕೂಸನ್ನು ಊರ ಹೊರಗಿನ ಗುಡಿಸಲಿನಲ್ಲಿರಿಸುವ ಪದ್ಧತಿ ಇಂದಿಗೂ ಪೂರ್ತಿ ಅಳಿದಿಲ್ಲ. 2023ರಲ್ಲಿ ತುಮಕೂರು ತಾಲ್ಲೂಕಿನಲ್ಲಿ ಹೀಗೆ ಹೊರಗಿದ್ದ ಹಸುಗೂಸೊಂದು ಚಳಿಮಳೆಯಲ್ಲಿ ತೀರಿಕೊಂಡಿತು. ಗುಂಪು ಕೆರಳಿದಾಗ ಏನಾಗಬಹುದೆಂಬುದಕ್ಕೆ ಸೊರಬ ತಾಲ್ಲೂಕಿನ ಚಂದ್ರಗುತ್ತಿ ಉದಾಹರಣೆ. 1986ರ ಮಾರ್ಚಿನಲ್ಲಿ ಬೆತ್ತಲೆ ಸೇವೆಯನ್ನು ತಡೆಯಲು ಹೋದ ಕಾರ್ಯಕರ್ತರನ್ನೂ ಪೊಲೀಸರನ್ನೂ, ಮಹಿಳಾ ಪೊಲೀಸರನ್ನು ಕೂಡ, ಜನಜಂಗುಳಿ ಹಿಡಿದು ಬಟ್ಟೆ ಕಳಚಿ ಮೆರವಣಿಗೆ ಮಾಡಿತು. ಅನಂತರ ಸರ್ಕಾರ ಸೇವೆಯನ್ನು ನಿಷೇಧಿಸಿತು.

ಸ್ವಂತ ನಿಲುವಿಗೆ ತೆರಬೇಕಾದ ಬೆಲೆಯನ್ನು ಧಾರವಾಡದ ಸಂಶೋಧಕ ಎಂ.ಎಂ. ಕಲಬುರ್ಗಿಯವರ ಬಾಳು ತೋರುತ್ತದೆ. ‘ಮಾರ್ಗ’ ಸಂಪುಟದಲ್ಲಿ ಶರಣರ ಬಗ್ಗೆ ಮಂಡಿಸಿದ್ದ ಕೆಲವು ಸಂಶೋಧನೆಗಳನ್ನು ಸ್ವಸಮುದಾಯದ ಒತ್ತಡದಿಂದಾಗಿ 1989ರಲ್ಲಿ ಅವರು ಹಿಂತೆಗೆದುಕೊಳ್ಳಬೇಕಾಯಿತು. ಸಂಶೋಧನೆಯನ್ನು ಮಾತ್ರ ಬಿಡಲಿಲ್ಲ. 2015ರ ಆಗಸ್ಟ್ 30ರಂದು ಅವರನ್ನು ಮನೆಯ ಬಾಗಿಲಲ್ಲೇ ಗುಂಡಿಟ್ಟು ಕೊಲ್ಲಲಾಯಿತು.

ಕಾನೂನು ಮತ್ತು ಕಚೇರಿ

ಮೇಲಿನವರ ಅಪ್ಪಣೆ ಎಂಬುದು ಎಲ್ಲ ತಪ್ಪಿಗೂ ರಕ್ಷೆಯಲ್ಲ ಎಂಬ ತತ್ತ್ವ ಎರಡನೆಯ ಮಹಾಯುದ್ಧದ ಅನಂತರ ನ್ಯೂರೆಂಬರ್ಗ್ ವಿಚಾರಣೆಯಿಂದ ಅಂತರರಾಷ್ಟ್ರೀಯ ಕಾನೂನಿನಲ್ಲಿ ನೆಲೆಗೊಂಡಿತು. ಭಾರತದ ಅಪರಾಧ ಕಾನೂನೂ ನ್ಯಾಯಬದ್ಧವಾದ ಆಜ್ಞೆಯನ್ನು ಪಾಲಿಸಿದವನಿಗೆ ಮಾತ್ರ ರಕ್ಷಣೆ ಕೊಡುತ್ತದೆ. ಕಚೇರಿಗಳ ವಾಡಿಕೆ ಬೇರೆ. ‘ಮೇಲಿನಿಂದ ಫೋನ್ ಬಂದಿದೆ’ ಎಂಬ ಮಾತಿಗೆ ಅಲ್ಲಿ ಕಾಗದದ ಆದೇಶಕ್ಕಿಂತ ಹೆಚ್ಚು ಬಿರುಸು. ಮಿಲ್‌ಗ್ರಾಂನ ಪ್ರಯೋಗದಲ್ಲಿ ಅಪ್ಪಣೆ ಫೋನಿನಲ್ಲಿ ಬಂದಾಗ ವಿಧೇಯತೆ ಐದರಲ್ಲಿ ಒಂದು ಪಾಲಿಗೆ ಇಳಿದಿತ್ತು. ವರ್ಗಾವಣೆಯ ಹೆದರಿಕೆ ಆ ಪ್ರಯೋಗದಲ್ಲಿರಲಿಲ್ಲ ಎಂಬುದನ್ನು ಮರೆಯಬಾರದು. ತುರ್ತುಪರಿಸ್ಥಿತಿಯ ಅತಿರೇಕಗಳನ್ನು ವಿಚಾರಿಸಿದ ಷಾ ಆಯೋಗ ಬಾಯಿಮಾತಿನ ಆದೇಶದ ಮೇಲೆ ನಡೆದ ಬಂಧನಗಳನ್ನು ದಾಖಲಿಸಿದೆ.

ಇದಕ್ಕೆ ಮದ್ದು ಇಲ್ಲದಿಲ್ಲ. ಅಖಿಲ ಭಾರತ ಸೇವೆಗಳ 1968ರ ನಡತೆ ನಿಯಮಗಳಂತೆ ಮೇಲಧಿಕಾರಿಯ ನಿರ್ದೇಶನ ಸಾಮಾನ್ಯವಾಗಿ ಬರಹದಲ್ಲಿರಬೇಕು; ಬಾಯಲ್ಲಿ ಹೇಳಿದ್ದನ್ನು ಬೇಗನೆ ಬರಹದಲ್ಲಿ ದೃಢಪಡಿಸಬೇಕು. ಟಿ.ಎಸ್.ಆರ್. ಸುಬ್ರಮಣಿಯನ್ ಮೊಕದ್ದಮೆಯಲ್ಲಿ 2013ರ ಅಕ್ಟೋಬರ್ 31ರಂದು ಸರ್ವೋಚ್ಚ ನ್ಯಾಯಾಲಯ ಅಧಿಕಾರಿಗಳು ಮೌಖಿಕ ಆದೇಶದಂತೆ ನಡೆಯಬಾರದು, ಅವನ್ನು ಕಡತದಲ್ಲಿ ದಾಖಲಿಸಬೇಕು ಎಂದಿತು. ಬರೆದುಕೊಡಿ ಎಂದು ಕೇಳುವ ಹಕ್ಕು ಕಿರಿಯ ನೌಕರನ ಕೈಯಲ್ಲಿರುವ ಅತ್ಯಂತ ಶಾಂತವಾದ, ಅತ್ಯಂತ ಪರಿಣಾಮಕಾರಿಯಾದ ಸಾಧನ. ಅಪ್ಪಣೆ ಕೊಟ್ಟವನೂ ಆಗ ತನ್ನ ಹೆಸರಿನ ಮುಂದೆ ನಿಲ್ಲಬೇಕಾಗುತ್ತದೆ.

ಗುಂಪಿನಿಂದ ಭಿನ್ನವಾಗಿ ಮೌನವಾಗಿರುವ ಹಕ್ಕನ್ನೂ ನ್ಯಾಯಾಲಯ ಎತ್ತಿಹಿಡಿದಿದೆ. ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತರೂ ಧರ್ಮಶ್ರದ್ಧೆಯ ಕಾರಣ ಹಾಡದಿದ್ದ ಕೇರಳದ ಮೂವರು ಮಕ್ಕಳನ್ನು ಶಾಲೆಯಿಂದ ಹೊರಹಾಕಿದ್ದು ತಪ್ಪೆಂದು 1986ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಸಮವಸ್ತ್ರ ಮತ್ತು ಹಿಜಾಬಿನ ವಿವಾದದಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ 2022ರ ಮಾರ್ಚಿನಲ್ಲಿ ಸರ್ಕಾರದ ಆದೇಶವನ್ನು ಎತ್ತಿಹಿಡಿಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳ ಅಭಿಪ್ರಾಯ ಎರಡಾಯಿತು.

ಸ್ವಂತಿಕೆ ಉಳಿಯುವ ಬಗೆ

ಕನ್ನಡ ನಾಡಿನಲ್ಲಿ ಭಿನ್ನ ನಡೆ ಬೇರು ಬಿಟ್ಟ ಕಡೆಗಳಲ್ಲೆಲ್ಲ ಅದಕ್ಕೊಂದು ಆಸರೆ ಇದ್ದದ್ದು ಕಾಣುತ್ತದೆ. 1973ರಲ್ಲಿ ಮೈಸೂರಿನಲ್ಲಿ ಸಚಿವ ಬಿ. ಬಸವಲಿಂಗಪ್ಪ ಕನ್ನಡ ಸಾಹಿತ್ಯದಲ್ಲಿ ಬೂಸಾ ಬಹಳವೆಂದು ಹೇಳಿದಾಗ ರಾಜ್ಯದಾದ್ಯಂತ ಗಲಭೆಯೆದ್ದು ಅವರು ಅಧಿಕಾರ ಕಳೆದುಕೊಂಡರು. ಆ ಗಲಭೆಯಲ್ಲಿ ಏಟು ತಿಂದ ದಲಿತ ತರುಣರು ಒಬ್ಬೊಬ್ಬರಾಗಿಯೇ ಉಳಿದಿದ್ದರೆ ಬಾಯಿ ಮುಚ್ಚಿಕೊಳ್ಳಬೇಕಾಗುತ್ತಿತ್ತು. ಅವರು ದಲಿತ ಸಂಘರ್ಷ ಸಮಿತಿ ಕಟ್ಟಿಕೊಂಡರು. ಆ ಸಂಘಟಕರಲ್ಲಿ ಒಬ್ಬರಾದ ಕವಿ ಸಿದ್ದಲಿಂಗಯ್ಯ (1954–2021) ಮುಂದೆ ಜ್ಞಾನಭಾರತಿಯ ಕನ್ನಡ ಅಧ್ಯಯನ ಕೇಂದ್ರದಲ್ಲಿ ಪ್ರಾಧ್ಯಾಪಕರಾದರು, ವಿಮರ್ಶಕ ಡಿ.ಆರ್. ನಾಗರಾಜ್ ಅದೇ ಕೇಂದ್ರದಲ್ಲಿ ಸಹೋದ್ಯೋಗಿ.

ಮದುವೆಯಂಥ ಮನೆಯೊಳಗಿನ ಆಚರಣೆಯಲ್ಲಿ ಬೇರೆ ದಾರಿ ಹಿಡಿಯುವುದು ಬೀದಿಯ ಹೋರಾಟಕ್ಕಿಂತ ಕಷ್ಟ. ಕುವೆಂಪು ಪುರೋಹಿತರೂ ವರದಕ್ಷಿಣೆಯೂ ಅದ್ಧೂರಿಯೂ ಇಲ್ಲದ ಮಂತ್ರಮಾಂಗಲ್ಯವನ್ನು ರೂಪಿಸಿದರು. ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿಯವರ ಮದುವೆ 1966ರಲ್ಲಿ ಆ ರೀತಿ ನಡೆಯಿತು. ಮುಂದೆ ರೈತಸಂಘ ಅದನ್ನು ಹಳ್ಳಿಗಳಿಗೆ ಒಯ್ದಿತು. ಶಾಸ್ತ್ರ ಬೇಡವೆನ್ನುವ ಜೋಡಿಗೆ ‘ಹಾಗಾದರೆ ಮದುವೆ ಹೇಗೆ’ ಎಂದು ಹಿರಿಯರು ಕೇಳಿದಾಗ ತೋರಿಸಲು ಒಂದು ಪಠ್ಯ, ಹೇಳಲು ಒಂದು ಹೆಸರು, ಹಿಂದೆ ಆದ ಮದುವೆಗಳ ನಿದರ್ಶನ ದೊರೆತವು. ಒಂಟಿ ಹಟ ಎನಿಸಬಹುದಾಗಿದ್ದದ್ದು ಹೀಗೆ ಒಂದು ಪದ್ಧತಿಯಾಯಿತು.

ನರಸಿಂಹಯ್ಯನವರ ಎರಡು ಸಂಸ್ಥೆಗಳನ್ನು ಹೋಲಿಸಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಕುಲಪತಿಯ ಅಧಿಕಾರದಿಂದ ಹುಟ್ಟಿದ ಪವಾಡ ತನಿಖಾ ಸಮಿತಿ ಆ ಅಧಿಕಾರ ಹೋದೊಡನೆ ಹೋಯಿತು. ಅದಕ್ಕೂ ಮೊದಲು, 1962ರಲ್ಲಿ, ಅವರು ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಆರಂಭಿಸಿದ ಬೆಂಗಳೂರು ಸೈನ್ಸ್ ಫೋರಂ ಯಾರ ಹುದ್ದೆಯನ್ನೂ ನೆಚ್ಚಿಕೊಂಡದ್ದಲ್ಲ. ಅಲ್ಲಿನ ವಾರದ ಉಪನ್ಯಾಸಕ್ಕೆ ಯಾರು ಬೇಕಾದರೂ ಹೋಗಬಹುದು, ಪ್ರಶ್ನೆ ಕೇಳಬಹುದು. 2005ರ ಜನವರಿ 31ರಂದು ನರಸಿಂಹಯ್ಯನವರು ತೀರಿಕೊಂಡ ಮೇಲೂ ಉಪನ್ಯಾಸಗಳು ನಿಲ್ಲಲಿಲ್ಲ.